ಗೇಮುಗಳು ಬಿಟ್ಟು ಹೋದ ಫೋಲ್ಡರುಗಳು

ನಮ್ಮ ಕಡೆ ಈಗ ಹೆಚ್ಚುಕಮ್ಮಿ ಎಲ್ಲಾರ ಮನೇಲೂ ಒಂದು ಕಂಪ್ಯೂಟರೋ ಲ್ಯಾಪ್‌ಟಾಪೋ ಐತೆ. ಪೀಣ್ಯದ ಕಡೆಯೋರು ಆಫೀಸಿನೋರು ಬಳಸಿ ಮಾರಿದ್ದನ್ನ ಎಸ್.ಪಿ. ರೋಡಿಂದ ತಂದಿರ್ತಾರೆ. ವೈಟ್‌ಫೀಲ್ಡು, ಎಲೆಕ್ಟ್ರಾನಿಕ್ ಸಿಟಿ ಕಡೆ ಮನೆಗಳಲ್ಲಿ ಕಂಪನಿ ಕೊಟ್ಟಿದ್ದು ಒಂದು, ಮಕ್ಕಳದ್ದು ಇನ್ನೊಂದು. ಮಕ್ಕಳದ್ದರಲ್ಲಿ ಜಾಗ ತುಂಬಿ ಸಿ ಡ್ರೈವಿನ ಗೆರೆ ಕೆಂಪಗಾದಾಗ ಒಳಗೆ ಹೋಗಿ ನೋಡೋರು ನಾವೇ. ನೋಡಿದ್ರೆ ಕಂಡುಕೇಳದ ಹೆಸರುಗಳು. ಎಕ್ಸ್‌ಬಾಕ್ಸ್‌ಗೇಮ್ಸ್ ಅಂತ ಒಂದು, ಡಬ್ಲ್ಯುಪಿ ಸಿಸ್ಟಮ್ ಅಂತ ಒಂದು, ಮುಂದೆ ಚುಕ್ಕಿ ಇಟ್ಕೊಂಡಿರೋ ಮೈನ್‌ಕ್ರಾಫ್ಟ್ ಒಂದು, ಇನ್ನೊಂದಕ್ಕೆ ಹೆಸರೇ ಇಲ್ಲ, ಬರೀ ಅಂಕಿ ಅಕ್ಷರ ಕಲಸಿಟ್ಟಂಗೆ. "ಇದು ವೈರಸ್ಸಾ? ಅಳಿಸಿಬಿಡ್ಲಾ?" ಅಂತ ವಾಟ್ಸಾಪ್ ಗುಂಪಲ್ಲಿ ಪ್ರಶ್ನೆ ಬರ್ತದೆ, ಉತ್ತರಕ್ಕೆ ಕಾಯೋಕ್ ಮುಂಚೆನೇ ಅಳಿಸಿರ್ತಾರೆ.

ಕಷ್ಟ ಏನಂದ್ರೆ ಎಲ್ಲಾ ಫೋಲ್ಡರ್ರೂ ನೋಡೋಕೆ ಒಂದೇ ಥರ ಹಳದಿ. ಅದರಲ್ಲಿ ಒಂದು ಬರೀ ಕಸ. ಇನ್ನೊಂದರಲ್ಲಿ ಮಗ ಎರಡು ವರ್ಷ ಕೂತು ಕಟ್ಟಿದ ಊರು ಐತೆ, ಹೋದ್ರೆ ಮತ್ತೆ ಬರಲ್ಲ. ಮತ್ತೊಂದನ್ನ ಮುಟ್ಟಿದ್ರೆ ಮಿಶನ್ನೇ ಮುನಿಸ್ಕೊಳ್ತದೆ. ಹೆಸರು ನೋಡಿ ಯಾವುದು ಯಾವುದು ಅಂತ ಹೇಳೋಕಾಗಲ್ಲ, ಆದ್ರೆ ಅದನ್ನ ಯಾರು, ಯಾವಾಗ, ಯಾಕೆ ಇಟ್ರು ಅಂತ ತಿಳಿದ್ರೆ ಹೇಳಬಹುದು. ಅದಕ್ಕೇ ಈ ಸಲ ಅಡುಗೆ, ಹಬ್ಬ ಬಿಟ್ಟು ಈ ಕಥೆ ಹೇಳ್ತೀನಿ.

ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಇನ್ನೂ ಹಳ್ಳಿಗಳಾಗಿದ್ದಾಗ, 1978ರಲ್ಲಿ ಕಿಯೋನಿಕ್ಸ್ ಅಲ್ಲಿ 332 ಎಕರೆ ಹಿಡಿದು ಎಲೆಕ್ಟ್ರಾನಿಕ್ ಸಿಟಿ ಶುರು ಮಾಡ್ತು. ಆರ್.ಕೆ. ಬಾಳಿಗಾ ಅನ್ನೋರ ಕನಸು ಅದು. ಆಗ ಮನೇಲಿ ಕಂಪ್ಯೂಟರ್ ಇರೋದು ಅಂದ್ರೆ ಯಾರೂ ನಂಬ್ತಿರಲಿಲ್ಲ. ಆಮೇಲೆ ಹತ್ತು ಹದಿನೈದು ವರ್ಷಕ್ಕೆ ಸ್ಕೂಲ್ ಲ್ಯಾಬುಗಳಿಗೆ ಕರೀ ಪರದೆಯ ಡಾಸ್ ಮಿಶನ್ನು ಬಂದ್ವು. ಲ್ಯಾಬ್ ಪೀರಿಯಡ್ಡಲ್ಲಿ ಮಿಸ್ಸು ಆಚೆ ಹೋದ್ರೆ ಸಾಕು, ಮಕ್ಕಳು 'ಡೇಂಜರಸ್ ಡೇವ್' ಹಾಕ್ಕೊಂಡು ಕೂರ್ತಿದ್ರು, ಇಲ್ಲಾ 'ಪ್ರಿನ್ಸ್ ಆಫ್ ಪರ್ಷಿಯಾ'. ಎರಡೂ ಡಾಸ್‌ಗೆ ಬಂದಿದ್ದು 1990ರಲ್ಲಿ.

ಆ ಕಾಲದ ಗೇಮುಗಳು ಭಾಳ ಮರ್ಯಾದಸ್ಥರು ಕಣ್ರೀ. ಒಂದು ಗೇಮಿಗೆ ಒಂದೇ ಫೋಲ್ಡರ್. ಆಟ ಅಲ್ಲೇ, ಚಿತ್ರ ಅಲ್ಲೇ, ನೀವು ಎಲ್ಲೀವರೆಗೆ ಆಡಿದ್ರಿ ಅನ್ನೋ ಗುರುತೂ ಅಲ್ಲೇ. ಪ್ರಿನ್ಸ್‌ದು ಪುಟ್ಟದೊಂದು ಸೇವ್ ಫೈಲು, 1993ರ 'ಡೂಮ್'ದು ಡೂಮ್‌ಸೇವ್ ಸೊನ್ನೆ, ಒಂದು ಅಂತ ಅಂಕಿ ಹಾಕಿದ ಫೈಲುಗಳು. ಹೆಸರಿಗೆ ಎಂಟೇ ಅಕ್ಷರ, ಚುಕ್ಕಿ ಆದಮೇಲೆ ಮೂರು, ಅದಕ್ಕಿಂತ ಹೆಚ್ಚು ಡಾಸ್ ಒಪ್ತಿರಲಿಲ್ಲ. ಗೇಮ್ ಬೇಡ ಅಂದ್ರೆ ಆ ಫೋಲ್ಡರ್ ಅಳಿಸಿದ್ರೆ ಆಯ್ತು, ಒಂದು ಚೂರೂ ಉಳೀತಿರಲಿಲ್ಲ. ಊಟದ ಡಬ್ಬಿ ಥರ, ತೊಳೆದಿಟ್ರೆ ಮುಗೀತು. ಅಳಿಸೋದು ಅಂದ್ರೆ ಅದೇ ಅಂತ ನಮ್ಮ ತಲೇಲಿ ಇವತ್ತಿಗೂ ಕೂತಿರೋದು ಆ ಕಾಲದ ಲೆಕ್ಕ.

ಮನೆ ವಠಾರ ಆಗಿದ್ದು 1995ರ ಆಗಸ್ಟಲ್ಲಿ, ವಿಂಡೋಸ್ 95 ಬಂದಾಗ. ಆವತ್ತಿಂದ ಎಲ್ಲಾ ಸಾಫ್ಟ್‌ವೇರೂ ಪ್ರೋಗ್ರಾಮ್ ಫೈಲ್ಸ್ ಅನ್ನೋ ಒಂದೇ ಸಾಲು ಮನೇಲಿ ಇರಬೇಕು ಅಂದ್ರು. ಜೊತೆಗೆ ರಿಜಿಸ್ಟ್ರಿ ಅಂತ ಒಂದು ದೊಡ್ಡ ಪುಸ್ತಕ, ಯಾರ್ಯಾರು ಬಾಡಿಗೆಗೆ ಅವ್ರೆ, ಅವರ ಸಾಮಾನು ಎಲ್ಲೈತೆ ಅಂತ ಬರೆದಿಡೋಕೆ. ಅದೇ ವರ್ಷ ಸೆಪ್ಟೆಂಬರಲ್ಲಿ ಡೈರೆಕ್ಟ್‌ಎಕ್ಸ್ ಬಂತು. ಇದು ಏನಂದ್ರೆ, ಒಂದೊಂದು ಗೇಮೂ ತನ್ನದೇ ಒಲೆ ತರೋ ಬದಲು ಎಲ್ಲಾರೂ ಬಳಸೋ ಒಂದು ಒಲೆ. ಚಿತ್ರ, ಸದ್ದು ಎಲ್ಲಾ ಅದರ ಮೇಲೇನೇ ಬೇಯಬೇಕು. ಒಳ್ಳೇದೇ ಆಯ್ತು, ಆದ್ರೆ ಆವತ್ತಿಂದ ಗೇಮಿನ ಸಾಮಾನು ಒಂದು ಕಡೆ ಇಲ್ಲ. ಫೋಲ್ಡರ್ ಅಳಿಸಿದ್ರೂ ಪುಸ್ತಕದಲ್ಲಿ ಹೆಸರು ಉಳೀತದೆ, ಹಂಚ್ಕೊಂಡ ಒಲೆ ಉಳೀತದೆ. ಅದಕ್ಕೇ ಅನ್‌ಇನ್‌ಸ್ಟಾಲ್ ಅನ್ನೋದು ಹುಟ್ಟಿದ್ದು. ಬಾಡಿಗೆಯೋರನ್ನ ಲೆಕ್ಕ ಚುಕ್ತಾ ಮಾಡಿಸಿ ಕಳಿಸೋದು ಬೇರೆ, ಅವರಿಲ್ಲದಾಗ ಸಾಮಾನು ಬೀದಿಗೆ ಎಸೆಯೋದು ಬೇರೆ ಅಲ್ವಾ.

2001ರಲ್ಲಿ ಎಕ್ಸ್‌ಪಿ ಬಂತು. ನಮ್ಮ ಕಡೆ ಗೇಮಿನ ಹುಚ್ಚು ಶುರುವಾಗಿದ್ದು ಇದರ ಕಾಲದಲ್ಲೇ, ಅದೂ ಮನೇಲಲ್ಲ, ಸೈಬರ್ ಸೆಂಟರುಗಳಲ್ಲಿ. ಮಾರತಹಳ್ಳಿ, ದಾಸರಹಳ್ಳಿ, ಬೊಮ್ಮಸಂದ್ರ, ಎಲ್ಲಿ ನೋಡಿದ್ರೂ ಹಾರ್ಡ್‌ಬೋರ್ಡ್ ಅಡ್ಡ ಕಟ್ಟಿದ ಗೂಡುಗಳು, ಗಂಟೆ ಲೆಕ್ಕದಲ್ಲಿ ದುಡ್ಡು. 2003ರಲ್ಲಿ ಕಂಪ್ಯೂಟರಿಗೆ ಬಂದ 'ವೈಸ್ ಸಿಟಿ' ಆಡದ ಹುಡುಗನೇ ಇರಲಿಲ್ಲ. ಆ ಗೇಮು ಆಡಿದ ಗುರುತನ್ನ ತನ್ನ ಫೋಲ್ಡರಲ್ಲಿ ಇಡ್ತಿರಲಿಲ್ಲ. ಮೈ ಡಾಕ್ಯುಮೆಂಟ್ಸ್ ಒಳಗೆ 'ಜಿಟಿಎ ವೈಸ್ ಸಿಟಿ ಯೂಸರ್ ಫೈಲ್ಸ್' ಅಂತ ಬೇರೆ ಫೋಲ್ಡರ್ ಮಾಡಿ ಅಲ್ಲಿ ಇಡ್ತಿತ್ತು. ಅದರಲ್ಲಿ ಎಂಟೇ ಜಾಗ. ದಿನಕ್ಕೆ ಇಪ್ಪತ್ತು ಹುಡುಗ್ರು ಕೂರೋ ಮಿಶನ್ನಲ್ಲಿ ಎಂಟು ಜಾಗ ಅಂದ್ರೆ ನೀವೇ ಲೆಕ್ಕ ಹಾಕಿ. ನಿನ್ನೆ ಇವನು ಉಳಿಸಿದ್ದರ ಮೇಲೆ ಇವತ್ತು ಅವನು ಉಳಿಸ್ತಿದ್ದ, ಅದಕ್ಕೆ ಜಗಳ, ಕೆಲವು ಸಲ ಏಟೂ ಬೀಳ್ತಿತ್ತು. ಮೈ ಡಾಕ್ಯುಮೆಂಟ್ಸ್ ಅಂದ್ರೆ 'ನನ್ನ' ಕಾಗದ ಪತ್ರ ಅಂತ ಅಮೆರಿಕದೋರು ಹೆಸರಿಟ್ರು, ನಮ್ಮ ಸೈಬರ್ ಸೆಂಟರಲ್ಲಿ ಅದು ಬೀದಿ ನಲ್ಲಿ ಆಗಿತ್ತು.

ಗೊತ್ತಿಲ್ಲದ ಫೋಲ್ಡರ್ ಕಂಡ್ರೆ ನಮಗೆ ಇರೋ ಭಯಾನೂ ಆ ಕಾಲದ್ದೇ, ಅದು ಸುಳ್ಳು ಭಯ ಅಲ್ಲ. ಆಗ ಗೇಮು ಬರ್ತಿದ್ದಿದ್ದು ಕೈಬರಹದ ಸೀಡೀಲಿ, ಸ್ನೇಹಿತರ ಪೆನ್‌ಡ್ರೈವಲ್ಲಿ. ಆ ಪೆನ್‌ಡ್ರೈವಲ್ಲಿ ರಿಸೈಕ್ಲರ್ ಅಂತ ಕಸದಬುಟ್ಟಿ ಹೆಸರಿನ ಬಚ್ಚಿಟ್ಟ ಫೋಲ್ಡರ್, ಪಕ್ಕದಲ್ಲಿ ಆಟೋರನ್ ಅನ್ನೋ ಫೈಲು. 2008ರ ಕೊನೇಲಿ ಲೋಕವೆಲ್ಲಾ ಹರಡಿದ ಕಾನ್‌ಫಿಕರ್ ಅನ್ನೋ ಹುಳ ಪೆನ್‌ಡ್ರೈವಿಂದ ಪೆನ್‌ಡ್ರೈವಿಗೆ ಹಾರ್ತಿದ್ದಿದ್ದು ಹಿಂಗೇನೇ. ಬಚ್ಚಿಟ್ಟಿದ್ದು ಅಂದ್ರೆ ಕೆಟ್ಟದ್ದು ಅಂತ ಆಗ ಕಲಿತ್ವಿ. ಕಲಿತಿದ್ದು ಸರಿನೇ. ಆದ್ರೆ ಆಮೇಲೆ ಒಳ್ಳೆಯೋರೂ ಬಚ್ಚಿಡೋಕೆ ಶುರು ಮಾಡಿದ್ರು, ಆಗ ಗೊಂದಲ ಆಯ್ತು.

ಒಳ್ಳೆಯೋರು ಅಂತ ಹೇಳ್ಕೊಳ್ಳೋರದ್ದೂ ಒಂದು ಕಥೆ ಐತೆ. 2005ರಲ್ಲಿ ಸೋನಿ ಬಿಎಂಜಿ ಕಂಪನಿ ಹಾಡಿನ ಸೀಡಿಗಳಲ್ಲಿ, ಯಾರೂ ನಕಲು ಮಾಡಬಾರದು ಅಂತ, ಒಂದು ಗುಪ್ತ ಸಾಫ್ಟ್‌ವೇರ್ ಇಟ್ಟಿತ್ತು. ಡಾಲರ್ ಗುರುತು, ಎಸ್‌ವೈಎಸ್, ಮತ್ತೆ ಡಾಲರ್ ಗುರುತು, ಹಿಂಗೆ ಶುರುವಾಗೋ ಹೆಸರಿನ ಯಾವ ಫೈಲೂ ವಿಂಡೋಸ್ ಕಣ್ಣಿಗೆ ಕಾಣದಂಗೆ ಅದು ಮಾಡ್ತಿತ್ತು. ಮಾರ್ಕ್ ರುಸಿನೋವಿಚ್ ಅನ್ನೋರು ಆ ಅಕ್ಟೋಬರ್ 31ಕ್ಕೆ ಇದನ್ನ ಬಯಲು ಮಾಡಿದ್ರು. ತಮಾಷೆ ಕೇಳಿ, 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಗೇಮಲ್ಲಿ ಮೋಸ ಮಾಡೋ ಹುಡುಗ್ರು ತಮ್ಮ ಮೋಸದ ಫೈಲಿಗೂ ಅದೇ ಹೆಸರು ಅಂಟಿಸಿ, ಗೇಮಿನ ಕಾವಲುಗಾರನ ಕಣ್ಣು ತಪ್ಪಿಸಿದ್ರು. ಯಜಮಾನ ಕಟ್ಟಿದ ಕಳ್ಳ ಬಾಗಿಲಲ್ಲಿ ಕಳ್ಳರೂ ಬಂದ್ರು! ಅದೇ ಆಸುಪಾಸಲ್ಲಿ ಗೇಮಿನ ಸೀಡಿಗಳಲ್ಲೂ ಸೆಕ್ಯೂರಾಮ್ ಅಂತ ಬೀಗ ಬರ್ತಿತ್ತು. 2007ರ 'ಬಯೋಶಾಕ್', 2008ರ 'ಸ್ಪೋರ್' ಕೊಂಡೋರು ಬೈದಿದ್ದು ಇದಕ್ಕೇ. ಗೇಮ್ ತೆಗೆದ್ರೂ ಆ ಬೀಗ ಒಳಗೇ ಉಳೀತಿತ್ತು. ಹಳೇ ಮಿಶನ್ನಲ್ಲಿ ಸೆಕ್ಯೂರಾಮ್ ಅಂತ ಫೋಲ್ಡರ್ ಕಂಡ್ರೆ ಅದು ವೈರಸ್ ಅಲ್ಲ. ಆದ್ರೆ ಹೇಳದೆ ಕೇಳದೆ ನಮ್ಮ ಮನೇಲಿ ಕೂತಿದ್ದು ತಪ್ಪೇ ಅಂತ ನನ್ನ ಮಾತು.

ಈಗ ದೊಡ್ಡ ತಿರುವು. 2007ರ ಜನವರೀಲಿ ಮನೆಬಳಕೆಗೆ ವಿಸ್ಟಾ ಬಂತು. ಅಲ್ಲೀವರೆಗೂ ಯಾರು ಬೇಕಾದ್ರೂ ಪ್ರೋಗ್ರಾಮ್ ಫೈಲ್ಸ್ ಒಳಗೆ ಬರೀಬಹುದಿತ್ತು, ಅದರಿಂದಲೇ ವೈರಸ್ಸೂ ಸಲೀಸಾಗಿ ಬರೀತಿತ್ತು. ವಿಸ್ಟಾ ಅದಕ್ಕೆ ಬೀಗ ಹಾಕ್ತು. ಗೇಮು ಅಲ್ಲಿ ಕೂರಬಹುದು, ಆದ್ರೆ ಕೂತ ಮೇಲೆ ಅಲ್ಲಿ ಏನೂ ಬರೀಬಾರದು. ಆಡಿದ ಗುರುತು ಬಳಸೋರ ಹೆಸರಿನ ಫೋಲ್ಡರಲ್ಲಿ ಇರಬೇಕು. ಅದಕ್ಕೆ ಅಂತಾನೇ ಸೇವ್ಡ್ ಗೇಮ್ಸ್ ಅನ್ನೋ ಫೋಲ್ಡರನ್ನ ವಿಂಡೋಸೇ ಮಾಡಿ ಕೊಡ್ತು. ಗೇಮ್ ಮಾಡೋರು ಎಲ್ಲಿ ಕೇಳ್ತಾರೆ? ಕೆಲವರು ಅಲ್ಲಿಟ್ರು, ಕೆಲವರು ಡಾಕ್ಯುಮೆಂಟ್ಸ್ ಒಳಗೆ ಮೈ ಗೇಮ್ಸ್ ಅಂತ ಮಾಡ್ಕೊಂಡ್ರು ('ಸ್ಕೈರಿಮ್' ಇವತ್ತಿಗೂ ಅಲ್ಲೇ), ಕೆಲವರು ತಮ್ಮ ಕಂಪನಿ ಹೆಸರೇ ಇಟ್ರು, ಉಳಿದೋರು ಆಪ್‌ಡೇಟಾ ಅನ್ನೋ ಬಚ್ಚಿಟ್ಟ ಕೋಣೆಗೆ ಹೋದ್ರು. ಹಳೇ ಗೇಮುಗಳಿಗಂತೂ ಹೊಸ ಕಾನೂನೇ ಗೊತ್ತಿಲ್ಲ, ಅವು ಪ್ರೋಗ್ರಾಮ್ ಫೈಲ್ಸಲ್ಲೇ ಬರೀತೀನಿ ಅಂತಾವೆ. ವಿಂಡೋಸ್ ಆಗ ಏನ್ ಮಾಡ್ತದೆ ಅಂದ್ರೆ, ಅತ್ತೆ ಮುಂದೆ ಹೂಂ ಅಂದು ಸಕ್ಕರೆನ ಬೇರೆ ಡಬ್ಬೀಲಿ ಹಾಕೋ ಸೊಸೆ ಥರ, "ಆಯ್ತು, ಅಲ್ಲೇ ಬರ್ದೆ" ಅಂತ ಹೇಳಿ ವರ್ಚುಯಲ್‌ಸ್ಟೋರ್ ಅನ್ನೋ ಬೇರೆ ಫೋಲ್ಡರಲ್ಲಿ ಬರೀತದೆ. ಆ ಹೆಸರು ಕಂಡ್ರೆ ಅಳಿಸಬೇಡಿ, ಯಾವುದೋ ಹಳೇ ಗೇಮಿನ ಸೇವ್ ಅದರಲ್ಲಿ ಇರಬಹುದು.

ಆಪ್‌ಡೇಟಾ ಒಳಗೆ ಮೂರು ಕೋಣೆ: ಲೋಕಲ್, ಲೋಕಲ್‌ಲೋ, ರೋಮಿಂಗ್. ಈ ರೋಮಿಂಗ್ ಅನ್ನೋ ಪದ ನೋಡಿ ಮೊಬೈಲಿಂದಾ ಅಂತ ಕೇಳಿದೋರು ಅವ್ರೆ. ಅಲ್ಲ. ಇದು ದೊಡ್ಡ ಆಫೀಸುಗಳಿಗೆ ಅಂತ ಮಾಡಿದ್ದು. ಕರ್ನಾಟಕ ಸರ್ಕಾರ, ಟಾಟಾ, ಸಿಂಗಪುರದೋರು ಸೇರಿ 1994ರಲ್ಲಿ ಕೈಹಾಕಿದ ವೈಟ್‌ಫೀಲ್ಡಿನ ಐಟಿಪಿಎಲ್ ಇದ್ಯಲ್ಲ, ಅಂಥಾ ಕಟ್ಟಡಗಳಲ್ಲಿ ಒಬ್ಬಳು ಇವತ್ತು ಈ ಮೇಜು, ನಾಳೆ ಇನ್ನೊಂದು ಮಹಡಿ. ಎಲ್ಲಿ ಕೂತು ಲಾಗಿನ್ ಆದ್ರೂ ಅವಳ ಸೆಟ್ಟಿಂಗ್ಸ್ ಹಿಂದೇನೇ ಬರಲಿ ಅಂತ ಆ ವ್ಯವಸ್ಥೆ. ಒಂದೇ ಮೇಜಿರೋ ನಮ್ಮ ಮನೆಗೂ ಅದೇ ಕೋಣೆ ಬಂತು. ಮೈನ್‌ಕ್ರಾಫ್ಟಿನ ಹಳೇ ಜಾವಾ ಗೇಮು ಕೂತಿರೋದು ಇದರಲ್ಲೇ, ಮುಂದೆ ಒಂದು ಚುಕ್ಕಿ ಇಟ್ಕೊಂಡು. ಆ ಚುಕ್ಕಿ ಯೂನಿಕ್ಸ್ ಮಿಶನ್ನುಗಳ ಪದ್ಧತಿ, ಅಲ್ಲಿ ಚುಕ್ಕಿ ಇಟ್ರೆ ಬಚ್ಚಿಡು ಅಂತ ಅರ್ಥ. ವಿಂಡೋಸಲ್ಲಿ ಅದಕ್ಕೆ ಅರ್ಥವೇ ಇಲ್ಲ, ನಮಗೆ ಮಾತ್ರ ಏನೋ ಮಾಟ ಮಾಡಿದಂಗೆ ಕಾಣ್ತದೆ. ಅದರೊಳಗೆ ಸೇವ್ಸ್ ಅಂತ ಐತಲ್ಲ, ಮಕ್ಕಳು ಕಟ್ಟಿದ ಮನೆ, ಹೊಲ, ಸೇತುವೆ, ಎಲ್ಲಾ ಅದೇ. ಅದನ್ನ ಅಳಿಸಿದ್ರೆ ಅಂಗಡಿಯೋರು, ಕಂಪನಿಯೋರು, ಯಾರೂ ವಾಪಸ್ ಕೊಡೋಕಾಗಲ್ಲ.

ಗೇಮ್ ಅನ್‌ಇನ್‌ಸ್ಟಾಲ್ ಮಾಡಿದ್ಮೇಲೂ ಫೋಲ್ಡರ್ ಯಾಕೆ ಉಳೀತದೆ ಅಂತ ಭಾಳ ಜನ ಕೇಳ್ತಾರೆ. ಮರೆತು ಬಿಟ್ಟಿದ್ದಲ್ಲ ಅದು. ಆಡೋ ಹುಡುಗ ಪರೀಕ್ಷೆ ಮುಗಿಸಿ ಮತ್ತೆ ಹಾಕ್ಕೊಂಡ್ರೆ ಎಲ್ಲಿ ಬಿಟ್ಟಿದ್ದನೋ ಅಲ್ಲಿಂದಲೇ ಶುರುವಾಗಲಿ ಅಂತ ಬೇಕಂತಲೇ ಬಿಡ್ತಾರೆ. ತವರಿಗೆ ಹೋದ ಮಗಳ ಟ್ರಂಕು ಅಟ್ಟದ ಮೇಲೆ ಇರಲ್ವಾ, ಹಂಗೆ. ಸಾಮಾನ್ಯವಾಗಿ ಅದು ಹಿಡಿಯೋ ಜಾಗಾನೂ ಕಮ್ಮಿ. ಕೆಂಪು ಗೆರೆ ಇಳಿಸೋಕೆ ಅಂತ ಇದನ್ನ ಅಳಿಸೋದು ವ್ಯರ್ಥ. ಇನ್ನೊಂದು ವಿಷಯ, ಡಾಕ್ಯುಮೆಂಟ್ಸ್ ಫೋಲ್ಡರ್ ಒನ್‌ಡ್ರೈವಿಗೆ ಸೇರಿಸಿದ್ದರೆ ಈ ಗೇಮ್ ಫೈಲುಗಳೂ ಅಲ್ಲಿಗೆ ಹೋಗ್ತಾವೆ, ಬಿಟ್ಟಿ ಸಿಗೋದು 5 ಜಿಬಿ ಅಷ್ಟೇ, ಆಗ ಜಾಗ ಇಲ್ಲ ಅಂತ ಮೇಲಿಂದ ಮೇಲೆ ಸಂದೇಶ ಬರ್ತದೆ.

ಇನ್ನು ನಿಜವಾದ ಕಸ. ಗೇಮ್ ಹಾಕುವಾಗ ಜೊತೇಲಿ ಡೈರೆಕ್ಟ್‌ಎಕ್ಸು, ವಿಷುಯಲ್ ಸಿ ಪ್ಲಸ್ ಪ್ಲಸ್ ಅಂತ ಮೈಕ್ರೋಸಾಫ್ಟಿನ ಸಣ್ಣ ಗಂಟುಗಳೂ ಬರ್ತಾವೆ. ಗಂಟು ಬಿಚ್ಚೋಕೆ ಜಾಗ ಬೇಕಲ್ಲ, ಅದಕ್ಕೆ ಅವು ಯಾವ ಡ್ರೈವಲ್ಲಿ ಜಾಗ ಹೆಚ್ಚೈತೋ ಅಲ್ಲಿ ಅಂಕಿ ಅಕ್ಷರದ ಉದ್ದ ಹೆಸರಿನ ಒಂದು ಫೋಲ್ಡರ್ ಮಾಡ್ತಾವೆ. ಕೆಲಸ ಮುಗಿದ್ಮೇಲೆ ತಾವೇ ಅಳಿಸಬೇಕು, ಎಷ್ಟೋ ಸಲ ಅಳಿಸಲ್ಲ. ಹೊಸದಾಗಿ ತಂದ ಖಾಲಿ ಹಾರ್ಡ್‌ಡಿಸ್ಕಲ್ಲಿ, ಮದುವೆ ಫೋಟೋ ಇಡೋಣ ಅಂತ ತೆಗೆದ್ರೆ, ಆಗಲೇ ಯಾವುದೋ ಫೋಲ್ಡರ್ ಕೂತಿರೋದು ಇದಕ್ಕೇ. ಖಾಲಿ ಇರೋದೇ ಅವಕ್ಕೆ ಕರೆ. 2008ರ ವಿಷುಯಲ್ ಸಿ ಗಂಟಿನಲ್ಲಂತೂ ಫೋಲ್ಡರೂ ಮಾಡದೆ ಫೈಲುಗಳನ್ನ ನೇರ ಡ್ರೈವಿನ ಬಾಗಿಲಲ್ಲೇ ಸುರಿಯೋ ತಪ್ಪಿತ್ತು. ಅದು ತನ್ನದೇ ತಪ್ಪು ಅಂತ ಮೈಕ್ರೋಸಾಫ್ಟೂ ಒಪ್ಕೊಂಡಿತ್ತು. ವಿಸಿ ರೆಡಿಸ್ಟ್, ಇಯುಎಲ್‌ಎ ಅಂತ ಶುರುವಾಗೋ ಹತ್ತಿಪ್ಪತ್ತು ಫೈಲು ಕಂಡ್ರೆ ಅದೇ. ಎಂಎಸ್ ಡೌನ್‌ಲ್ಡ್ ಡಾಟ್ ಟಿಎಂಪಿ ಅನ್ನೋ ಖಾಲಿ ಫೋಲ್ಡರೂ ಇದೇ ಜಾತಿ. ಮಿಶನ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ, ಆಮೇಲೆ ಇವನ್ನ ಅಳಿಸಿದ್ರೆ ಏನೂ ಆಗಲ್ಲ.

ಸೀಡಿ ಕಾಲ ಮುಗಿದು ಗೇಮು ಇಂಟರ್ನೆಟ್ಟಲ್ಲೇ ಬರೋಕೆ ಶುರುವಾದ್ಮೇಲೆ ವಠಾರದೊಳಗೆ ಮತ್ತೆ ಸಣ್ಣ ವಠಾರಗಳು ಎದ್ವು. 2003ರಲ್ಲಿ ಬಂದ ಸ್ಟೀಮ್ ಮೊದಲನೇದು. ಅದರ ಗೇಮೆಲ್ಲಾ ಸ್ಟೀಮ್‌ಆಪ್ಸ್ ಒಳಗೆ ಕಾಮನ್ ಅನ್ನೋ ಫೋಲ್ಡರಲ್ಲಿ. ಕಾಮನ್ ಅಂತ ಎಷ್ಟು ಸಾದಾ ಹೆಸರು ನೋಡಿ, 100 ಜಿಬಿ ನುಂಗಿರೋದು ಅದೇ ಇರ್ತದೆ. ಡಿ ಡ್ರೈವಲ್ಲಿ ಸ್ಟೀಮ್‌ಲೈಬ್ರರಿ ಅಂತ ಕಂಡ್ರೂ ಅದೇ ಮನೆತನ. ಇವನ್ನ ಫೋಲ್ಡರ್ ಹಿಡಿದು ಎಳೀಬೇಡಿ, ಸ್ಟೀಮ್ ಒಳಗಿಂದಲೇ ಅನ್‌ಇನ್‌ಸ್ಟಾಲ್ ಕೊಡ್ರಿ, ಜಾಗ ಬಿಡ್ತದೆ.

ಮೈಕ್ರೋಸಾಫ್ಟ್ ತಾನೇ ಅಂಗಡಿ ಇಟ್ಟಾಗ ಬೀಗ ಇನ್ನೂ ಬಿಗಿಯಾಯ್ತು. 2012ರ ವಿಂಡೋಸ್ 8ರಲ್ಲಿ ವಿಂಡೋಸ್‌ಆಪ್ಸ್ ಅನ್ನೋ ಫೋಲ್ಡರ್ ಬಂತು, ಮಿಶನ್ನಿಗೆ ದುಡ್ಡು ಕೊಟ್ಟ ನಾವೇ ತೆಗೀತೀವಿ ಅಂದ್ರೂ ಬಿಡಲ್ಲ. ಅದರ ಒಡೆತನ ಟ್ರಸ್ಟೆಡ್ ಇನ್‌ಸ್ಟಾಲರ್ ಅಂತ ವಿಂಡೋಸಿನ ಒಂದು ಆಳಿನ ಹೆಸರಲ್ಲಿ ಇರ್ತದೆ. ಗೇಮನ್ನ ಡಿ ಡ್ರೈವಿಗೆ ಹಾಕಿದ್ರೆ ಅಲ್ಲೂ ಇದರ ಸಂಸಾರ ಪೂರಾ ಬರ್ತದೆ: ವಿಂಡೋಸ್‌ಆಪ್ಸು, ಡಬ್ಲ್ಯುಯು ಡೌನ್‌ಲೋಡ್ ಕ್ಯಾಶ್, ಡಬ್ಲ್ಯುಪಿ ಸಿಸ್ಟಮ್. ಈ ಕೊನೇ ಹೆಸರು ನಂಗೆ ಭಾಳ ಇಷ್ಟ. 2014ರ ವಿಂಡೋಸ್ ಫೋನ್ 8.1 ನೆನಪೈತಾ, ಬಣ್ಣಬಣ್ಣದ ಲೂಮಿಯಾ ಮೊಬೈಲುಗಳು? ಅದರಲ್ಲಿ ಆಪನ್ನ ಮೆಮೊರಿ ಕಾರ್ಡಿಗೆ ಹಾಕಿದ್ರೆ ಇದೇ ಹೆಸರಿನ ಫೋಲ್ಡರ್ ಕಾಣ್ತಿತ್ತು. ಆ ಫೋನು ಹೋಗಿ ಎಷ್ಟೋ ಕಾಲ ಆಯ್ತು, ಹೆಸರು ಮಾತ್ರ ಮಕ್ಕಳ ಕಂಪ್ಯೂಟರಲ್ಲಿ ಕೂತೈತೆ. ಗೇಮು ಆ ಡ್ರೈವಲ್ಲಿ ಇರೋವರೆಗೂ ಅದನ್ನ ಮುಟ್ಟೋ ಹಂಗಿಲ್ಲ, ಸೇವ್ ಅದರೊಳಗೇ ಇರ್ತದೆ. ಯೂಟ್ಯೂಬಲ್ಲಿ ಒಡೆತನ ಬದಲಾಯಿಸಿ ಅಳಿಸೋದು ತೋರಿಸ್ತಾರೆ, ಮಾಡಬೇಡಿ, ಬೇರೆ ಆಪುಗಳೂ ಕೆಡ್ತಾವೆ. ಬೀಗ ಜಾಸ್ತಿ ಆಯ್ತು ಅಂತ ಆಡೋರೇ ಗಲಾಟೆ ಮಾಡಿದ್ಮೇಲೆ 2021ರ ಕೊನೇಲಿ ಎಕ್ಸ್‌ಬಾಕ್ಸ್‌ಗೇಮ್ಸ್ ಅಂತ ತೆರೆದ ಫೋಲ್ಡರ್ ಬಂತು. ಜೊತೇಲಿ ಗೇಮಿಂಗ್‌ರೂಟ್ ಅಂತ ಚುಕ್ಕಿ ಇಟ್ಟ ಪುಟ್ಟ ಫೈಲು, ಆ ಫೋಲ್ಡರ್ ಎಲ್ಲೈತೆ ಅಂತ ತೋರಿಸೋ ಬಾಣದ ಗುರುತಷ್ಟೇ ಅದು.

ಒಂದು ಫೋಲ್ಡರ್ ಬಗ್ಗೆ ಮಾತ್ರ ನಂಗೆ ಸಮಾಧಾನ ಇಲ್ಲ. 2020ರ ಜೂನಲ್ಲಿ, ಎಲ್ಲಾರೂ ಮನೆ ಒಳಗೇ ಇದ್ದಾಗ, 'ವ್ಯಾಲೊರಂಟ್' ಬಂತು. ಅದರ ಜೊತೆ ರಯಟ್ ವ್ಯಾನ್‌ಗಾರ್ಡ್ ಅಂತ ಕಾವಲುಗಾರ. ಗೇಮಲ್ಲಿ ಮೋಸ ಮಾಡೋರನ್ನ ಹಿಡಿಯೋಕೆ ಅಂತ. ಸರಿ, ಆದ್ರೆ ಅವನು ಆಟ ಶುರುವಾದಾಗ ಬರೋನಲ್ಲ. ಮಿಶನ್ ಆನ್ ಆದ ಕೂಡಲೇ, ವಿಂಡೋಸಿನ ಜೊತೆಜೊತೆಗೇ, ಎಲ್ಲಾರಿಗಿಂತ ಒಳಗಿನ ಕೋಣೇಲಿ ಬಂದು ಕೂರ್ತಾನೆ. ಅದು ವೈರಸ್ ಅಲ್ಲ, ಕಂಪನಿಯೋರು ಮುಚ್ಚಿಟ್ಟೂ ಇಲ್ಲ. ಆದ್ರೂ ಅದೇ ಮಿಶನ್ನಲ್ಲಿ ಗೂಗಲ್ ಪೇ, ಬ್ಯಾಂಕು, ಗಂಡನ ಆಫೀಸ್ ಕೆಲಸ ಎಲ್ಲಾ ನಡೀತಿದ್ರೆ, ಒಬ್ಬ ಆಟದ ಕಾವಲುಗಾರನಿಗೆ ಅಷ್ಟು ಒಳಗೆ ಜಾಗ ಯಾಕೆ ಕೊಡಬೇಕು? 2005ರಲ್ಲಿ ಸೋನಿಗೆ ಬೈದ ಜನ 2020ರಲ್ಲಿ ಇದಕ್ಕೆ ಹೂಂ ಅಂದ್ರು. ಹೇಳಿ ಕೂತಿದ್ದಕ್ಕೆ ಇರಬಹುದು. ಆಡೋದು ಬಿಟ್ಟಿದ್ರೆ ಗೇಮು ತೆಗೆದ್ರೆ ಸಾಲದು, ಸೆಟ್ಟಿಂಗ್ಸಿನ ಆಪ್ಸ್ ಪಟ್ಟೀಲಿ ವ್ಯಾನ್‌ಗಾರ್ಡ್ ಬೇರೆ ಇರ್ತದೆ, ಅದನ್ನೂ ತೆಗೀಬೇಕು. ಕಂಪನಿ ಲ್ಯಾಪ್‌ಟಾಪಿಗಂತೂ ಯಾವ ಗೇಮೂ ಬೇಡವೇ ಬೇಡ, ಕೆಲಸಕ್ಕೆ ಕುತ್ತು.

ಇದನ್ನೆಲ್ಲಾ ಮಾಡೋರು ಎಲ್ಲೋ ದೂರ ಅಂತ ಅಂದ್ಕೋಬೇಡಿ. ರಾಜೇಶ್ ರಾವ್ ಅನ್ನೋರು ಬೆಂಗಳೂರಲ್ಲೇ 1990ರ ದಶಕದಲ್ಲಿ ಧ್ರುವ ಇಂಟರಾಕ್ಟಿವ್ ಶುರು ಮಾಡಿದ್ರು, ನಮ್ಮ ದೇಶದ ಮೊದಮೊದಲ ಗೇಮ್ ಕಂಪನಿಗಳಲ್ಲಿ ಒಂದು. ಹೊರದೇಶದ ದೊಡ್ಡ ಗೇಮುಗಳಿಗೆ ಗಾಡಿ, ಗಿಡ, ಕಟ್ಟಡದ ಚಿತ್ರ ಮಾಡಿ ಕೊಡ್ತಿತ್ತು. ವೈಸ್ ಸಿಟಿ ಮಾಡಿದ ರಾಕ್‌ಸ್ಟಾರ್ ಕಂಪನಿ 2016ರಿಂದ ಬೆಂಗಳೂರಲ್ಲಿ ಸ್ಟುಡಿಯೋ ಇಟ್ಟೈತೆ, 2019ರಲ್ಲಿ ಧ್ರುವಾನೂ ಕೊಂಡ್ಕೊಳ್ತು. ಹಂಗಾಗಿ ಡಾಕ್ಯುಮೆಂಟ್ಸಲ್ಲಿ ರಾಕ್‌ಸ್ಟಾರ್ ಗೇಮ್ಸ್ ಅಂತ ಫೋಲ್ಡರ್ ಕಂಡ್ರೆ, ಆ ಕಂಪನಿ ಬಸ್ಸಿಗೆ ಬೆಳಗ್ಗೆ ಡಬ್ಬಿ ಹಿಡ್ಕೊಂಡು ಕಾಯೋ ಹುಡುಗಿ ನಮ್ಮ ಪಕ್ಕದ ಬೀದಿಯವಳೇ ಇರಬಹುದು.

ಮೊಬೈಲಲ್ಲೂ ಇದೇ ಕಥೆ, ಚಿಕ್ಕದಾಗಿ. ಆಂಡ್ರಾಯ್ಡ್ ಫೋಲ್ಡರ್ ಒಳಗೆ ಡೇಟಾ, ಓಬಿಬಿ ಅಂತ ಎರಡು, ಅದರೊಳಗೆ ಕಾಮ್ ಚುಕ್ಕಿ ಟೆನ್ಸೆಂಟ್ ಅಂತ ಏನೋ ಕಂಡಿದ್ರೆ ಅದು ಪಬ್ಜಿ. 2020ರ ಸೆಪ್ಟೆಂಬರ್ 2ಕ್ಕೆ ಸರ್ಕಾರ ಅದನ್ನ ನಿಷೇಧ ಮಾಡ್ತು. ಹಳೇ ಫೋನನ್ನ ಅಜ್ಜಿಗೆ ಕೊಡೋಕ್ ಮುಂಚೆ ಗೇಮನ್ನ ಅನ್‌ಇನ್‌ಸ್ಟಾಲ್ ಮಾಡಿದ್ರೆ ಆ ಫೋಲ್ಡರೂ ಜೊತೇಲೇ ಹೋಗ್ತದೆ, ಹುಡುಕ್ಕೊಂಡು ಹೋಗಿ ಅಳಿಸೋದೇನೂ ಬೇಡ.

ಮಿಶನ್ನನ್ನ ರಿಪೇರಿಗೆ ಕೊಡುವಾಗ "ಫಾರ್ಮ್ಯಾಟ್ ಮಾಡ್ಬೇಕು ಮೇಡಂ, ಡಾಕ್ಯುಮೆಂಟ್ಸ್, ಫೋಟೋ ಎತ್ತಿಡ್ತೀವಿ" ಅಂತಾರೆ. ಅವರು ಎತ್ತಿಡೋದು ಕಣ್ಣಿಗೆ ಕಾಣೋದನ್ನ ಮಾತ್ರ. ಕೊಡೋ ಮುಂಚೆ ರೋಮಿಂಗ್ ಕೋಣೆಯ ಚುಕ್ಕಿ ಮೈನ್‌ಕ್ರಾಫ್ಟು, ಬಳಸೋರ ಹೆಸರಿನ ಕೆಳಗಿರೋ ಸೇವ್ಡ್ ಗೇಮ್ಸು, ಡಾಕ್ಯುಮೆಂಟ್ಸಿನ ಮೈ ಗೇಮ್ಸು, ಈ ಮೂರನ್ನ ಒಂದು ಪೆನ್‌ಡ್ರೈವಿಗೆ ನಕಲು ಮಾಡ್ಕೊಳ್ಳಿ. ಆಪ್‌ಡೇಟಾ ಕಾಣದಿದ್ರೆ ಮೇಲಿನ ವ್ಯೂ ಅನ್ನೋದರಲ್ಲಿ ಹಿಡನ್ ಐಟಮ್ಸ್‌ಗೆ ಟಿಕ್ ಹಾಕ್ರಿ. ಉಳಿದಿದ್ದು ಯಾವುದು ಬೇಕು ಅಂತ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸ್ಕೊಂಡು ಕೇಳಿ, ಯಾವ ಫೋಲ್ಡರಲ್ಲಿ ಯಾವ ಗೇಮು ಅಂತ ಅವರಿಗೆ ಗೊತ್ತಿರ್ತದೆ.